ಅಮ್ಮನ ನಾಡಿ ಒಂದೇ ಸಮ ಹೊಡೆಯತೊಡಗಿದ ದಿನ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವರಿಗೆ,
ಔಷಧ ನಿಯಂತ್ರಣದ ಹೊಣೆ ಹೊತ್ತವರಿಗೆ,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು

ಮಾನ್ಯರೇ,

ನಾನು ಹನುಮಂತನಗರದವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಅಮ್ಮನಿಗೆ 69 ವರ್ಷ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವರ ಹೃದಯದ ಒಂದು ಕವಾಟವನ್ನು ಹಾಳು ಮಾಡಿತ್ತು. ಅದರಿಂದಾಗಿ ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಬಡಿಯುವ ಬದಲು ಸುಮ್ಮನೆ ಅದುರುತ್ತಿರುತ್ತವೆ. ಅಂಥವರ ನಾಡಿ ಯಾವತ್ತೂ ಒಂದೇ ಸಮ ಇರುವುದಿಲ್ಲ. ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ. ಹದಿನೈದು ವರ್ಷದಿಂದ ಅಮ್ಮನ ಕೈ ಹಿಡಿದರೆ ನನಗೆ ಸಿಗುತ್ತಿದ್ದದ್ದು ಈ ತಾಳ ತಪ್ಪಿದ ನಾಡಿಯೇ. ಅದಕ್ಕೆ ನಾವು ಒಗ್ಗಿಹೋಗಿದ್ದೆವು.

ಕಳೆದ ವರ್ಷ ಯುಗಾದಿ ಕಳೆದ ಮೂರನೇ ದಿನ ಅಮ್ಮನ ಬೆರಳಿಗೆ ಆಕ್ಸಿಮೀಟರ್ ಹಾಕಿದೆ. ಕೊರೋನಾ ಕಾಲದಲ್ಲಿ ಕೊಂಡದ್ದು, ಮನೆಯಲ್ಲೇ ಇತ್ತು. ಯಾವಾಗಲೂ 80, 95, 88 ಎಂದು ಕುಣಿಯುತ್ತಿದ್ದ ನಾಡಿಯ ಅಂಕಿ ಅವತ್ತು 44ಕ್ಕೆ ನಿಂತಿತ್ತು. ಕೈ ಹಿಡಿದು ನೋಡಿದೆ. ಟಕ್, ಟಕ್, ಟಕ್. ಗಡಿಯಾರದ ಹಾಗೆ. "ನೋಡಮ್ಮ, ಎಷ್ಟು ಚೆನ್ನಾಗಿ ಒಂದೇ ಸಮ ಹೊಡೀತಿದೆ, ಮಾತ್ರೆ ಹಿಡಿದಿದೆ" ಎಂದೆ. ಅಮ್ಮನಿಗೂ ಸಮಾಧಾನ ಆಯಿತು. ಕಮ್ಮಿ ಇದೆ ಅನ್ನಿಸಿತು. ಆದರೆ ಸುಸ್ತಾಗಿ ಮಲಗಿದ್ದಾರೆ, ವಯಸ್ಸಾಗಿದೆ, ಅಷ್ಟು ಇರಬಹುದು ಎಂದುಕೊಂಡೆ.

ಅದು ಗುಣವಾದ ಲಕ್ಷಣ ಆಗಿರಲಿಲ್ಲ. ಅಮ್ಮನ ಮೈಯಲ್ಲಿ ಮದ್ದು ವಿಷವಾಗಿದೆ ಎನ್ನುವ ಲಕ್ಷಣ ಅದು. ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ಯಾರೂ ಹೇಳಿರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಡೆದದ್ದನ್ನು ಹೇಳುತ್ತೇನೆ. ಯಾವ ಆಸ್ಪತ್ರೆ, ಯಾವ ಅಂಗಡಿ ಎಂದು ಬರೆಯುವುದಿಲ್ಲ. ಒಬ್ಬರನ್ನು ಹಿಡಿದು ಬೈದರೆ ಪಕ್ಕದ ಬೀದಿಯ ಅಂಗಡಿಯಲ್ಲಿ ನಾಳೆ ಇದೇ ನಡೆಯುವುದು ತಪ್ಪುವುದಿಲ್ಲ.

ಅಮ್ಮ ವರ್ಷಗಳಿಂದ ಡಿಗಾಕ್ಸಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬಿಳಿ ಬಣ್ಣದ ಪುಟ್ಟ ಮಾತ್ರೆ. ಅದರಲ್ಲಿ ಮದ್ದು ಇರುವುದು 0.25 ಮಿಲಿಗ್ರಾಂ ಮಾತ್ರ. ವಾರಕ್ಕೆ ಐದು ದಿನ ಒಂದೊಂದು, ಶನಿವಾರ ಭಾನುವಾರ ಬೇಡ. ನಮ್ಮ ಕಡೆ ಎಷ್ಟೋ ಡಾಕ್ಟರುಗಳು ಈ ಮಾತ್ರೆಯನ್ನು ಹೀಗೇ ಬರೆಯುತ್ತಾರೆ. ಯುಗಾದಿಗೆ ಎರಡು ವಾರ ಮುಂಚೆ ಅಮ್ಮನಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ನಾಲ್ಕು ದಿನ ಇದ್ದು ಮನೆಗೆ ಬಂದರು. ಕೈಗೆ ಮೂರು ಪುಟದ ಇಂಗ್ಲಿಷ್ ಡಿಸ್ಚಾರ್ಜ್ ಚೀಟಿ ಕೊಟ್ಟರು. ಅದರಲ್ಲಿ ಒಂಬತ್ತು ಮಾತ್ರೆಗಳ ಹೆಸರಿತ್ತು. ಮೂರನೆಯದು ಬೇರೆ ಕಂಪನಿಯ ಡಿಗಾಕ್ಸಿನ್. ಹೆಸರು ಬೇರೆ, ಮಾತ್ರೆ ಪಟ್ಟಿಯ (ಸ್ಟ್ರಿಪ್‌ನ) ಬಣ್ಣ ಬೇರೆ. ಮುಂದೆ 5/7 ಎಂದು ಬರೆದಿತ್ತು, ಅಂದರೆ ವಾರದಲ್ಲಿ ಐದು ದಿನ.

ಮೆಡಿಕಲ್ ಶಾಪಿನಲ್ಲಿ ಹುಡುಗ ಪಟ್ಟಿಯಿಂದ ಹತ್ತು ಮಾತ್ರೆ ಕತ್ತರಿಸಿ ಕೊಟ್ಟ. ಕತ್ತರಿ ಆಡಿದ ಜಾಗದಲ್ಲೇ ಡಿಗಾಕ್ಸಿನ್ ಎಂಬ ಮದ್ದಿನ ಮೂಲ ಹೆಸರು ಹೋಯಿತು. ಉಳಿದದ್ದು ಕಂಪನಿ ಹೆಸರಿನ ಅರ್ಧ. ಕಂದು ಕವರಿನ ಮೇಲೆ ಪೆನ್ನಿನಲ್ಲಿ 1-0-0 ಎಂದು ಬರೆದ. ಬೆಳಿಗ್ಗೆ ಒಂದು. ಶನಿವಾರ ಭಾನುವಾರದ ಮಾತು ಕವರಿನ ಮೇಲೆ ಬರಲೇ ಇಲ್ಲ. ಮಾತ್ರೆ ಮುಗಿದಾಗ ಅಮ್ಮ ಅದೇ ಕವರು ತೋರಿಸಿ ಮತ್ತೆ ಹತ್ತು ತರಿಸಿಕೊಂಡರು.

ಮನೆಯಲ್ಲಿ ಹಳೇ ಪಟ್ಟಿ ಡಬ್ಬದಲ್ಲೇ ಇತ್ತು. ಅಮ್ಮ ಅದನ್ನು ಎಂದಿನಂತೆ ವಾರಕ್ಕೆ ಐದು ದಿನ ತೆಗೆದುಕೊಂಡರು. ಹೊಸದನ್ನು ದಿನಾ ತೆಗೆದುಕೊಂಡರು. ವಾರಕ್ಕೆ 5 ಆಗಬೇಕಿದ್ದದ್ದು 12 ಆಯಿತು. ಅಮ್ಮ ಹೇಳಿದ ಮಾತು ಮೀರಲಿಲ್ಲ. ಒಂದು ದಿನವೂ ತಪ್ಪಿಸಲಿಲ್ಲ. ಶ್ರದ್ಧೆಯಿಂದ ಮಾತ್ರೆ ನುಂಗಿದರು. ಓವರ್‌ಡೋಸ್ ಎಂದಾಗ ನಮ್ಮ ಜನಕ್ಕೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತದೆ, ಅಲ್ವಾ? ನಮ್ಮ ಮನೆಯಲ್ಲಿ ಅದು ಹೀಗಿತ್ತು. ಸ್ನಾನ, ದೇವರ ದೀಪ, ತಿಂಡಿ, ಮಾತ್ರೆ.

ಹತ್ತನೇ ದಿನದ ಹೊತ್ತಿಗೆ ಅಮ್ಮನಿಗೆ ಊಟ ಸೇರದಾಯಿತು. ಯುಗಾದಿಯ ದಿನ ಹೋಳಿಗೆ ಮುಟ್ಟಲಿಲ್ಲ. ತುಪ್ಪದ ವಾಸನೆಗೇ ಹೊಟ್ಟೆ ತೊಳೆಸಿತು. ಪಿತ್ತ ಎಂದು ನಾವು ನಿಂಬೆಹಣ್ಣಿನ ಪಾನಕ ಕೊಟ್ಟೆವು. ವಾಂತಿ ನಿಲ್ಲದಿದ್ದಾಗ ಅಂಗಡಿಯಲ್ಲಿ ಕೇಳಿ ವಾಂತಿ ಮಾತ್ರೆ ತಂದೆ. ಚೀಟಿ ಕೇಳಲಿಲ್ಲ, ಕೊಟ್ಟರು. ಎರಡು ದಿನ ಕಳೆದು ಅಮ್ಮ, "ಯಾಕೋ ಟ್ಯೂಬ್‌ಲೈಟಿಗೆ ಅರಿಶಿನ ನೀರು ಎರಚಿದ ಹಾಗಿದೆ ಕಣೇ" ಎಂದರು. ಕಣ್ಣಿನ ಪೊರೆ ಇರಬೇಕು, ಬೇಸಿಗೆ ರಜೆಯಲ್ಲಿ ಮಿಂಟೋ ಕಣ್ಣಾಸ್ಪತ್ರೆಗೆ ಹೋಗೋಣ ಎಂದೆ. ನಾಡಿ 44ಕ್ಕೆ ನಿಂತದ್ದು ಅದರ ಮಾರನೇ ದಿನ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಅಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದರು. ನಾಡಿ 34.

ಹತ್ತಿರದ ಬೇರೊಂದು ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಇಸಿಜಿ ತೆಗೆದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿರುವ ಎಲ್ಲ ಮಾತ್ರೆ ತರ್ತೀರಾ? ಡಬ್ಬದ ಸಮೇತ." ನನ್ನ ತಮ್ಮ ಸ್ಕೂಟರಿನಲ್ಲಿ ಹೋಗಿ ತಂದ. ಅವರು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನನಗೆ ತೋರಿಸಿದರು. "ಇವೆರಡೂ ಒಂದೇ ಮದ್ದು."

ಆ ಕ್ಷಣ ನನ್ನ ಕೈಕಾಲು ತಣ್ಣಗಾಯಿತು. ಇವತ್ತಿಗೂ ಆ ಡಾಕ್ಟರಮ್ಮನ ನೆನಪಾದರೆ ಕಣ್ಣು ತುಂಬಿ ಬರುತ್ತದೆ. ವಾಂತಿ ಎಂದು ಹೊಟ್ಟೆಯ ಸ್ಕ್ಯಾನ್ ಬರೆದು ಕಳಿಸಿದ್ದರೆ ಅಮ್ಮ ಉಳಿಯುತ್ತಿರಲಿಲ್ಲ.

ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಈ ಪತ್ರವನ್ನು ನಿಮ್ಮ ಜೊತೆ ಬೇರೆಯವರೂ ಓದುತ್ತಾರೆ. ಅವರ ಮನೆಯಲ್ಲೂ ಒಂದು ಮಾತ್ರೆ ಡಬ್ಬ ಇರುತ್ತದೆ.

ಹೃದಯ ನಡೆಯುವುದು ವಿದ್ಯುತ್ತಿನಿಂದ. ಬಲಗಡೆಯ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಜಾಗವಿದೆ. ಅದು ನಿಮಿಷಕ್ಕೆ 60ರಿಂದ 100 ಸಲ ಕಿಡಿ ಹಾರಿಸುತ್ತದೆ. ಆ ಕಿಡಿ ಮೇಲಿನ ಕೋಣೆಗಳಲ್ಲಿ ಹರಡಿ, ನಡುವೆ ಇರುವ ಒಂದೇ ಒಂದು ಬಾಗಿಲಿನಲ್ಲಿ ಸ್ವಲ್ಪ ನಿಂತು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಂಬ ಉಪ್ಪಿನ ಕಣಗಳು ಜೀವಕೋಶದ ಒಳಗೆ ಹೊರಗೆ ಓಡಾಡುವುದರಿಂದಲೇ ಈ ಕಿಡಿ ಹುಟ್ಟುತ್ತದೆ. ನಾವು ನುಂಗುವ ಹಲವು ಮದ್ದುಗಳು ಈ ಓಡಾಟದ ಮೇಲೆಯೇ ಕೈಯಿಡುತ್ತವೆ. ಅಳತೆಯಲ್ಲಿದ್ದರೆ ಉಪಕಾರ. ಜಾಸ್ತಿಯಾದರೆ ತಾಳವೇ ಕೆಡುತ್ತದೆ.

ಡಿಗಾಕ್ಸಿನ್ ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ಅದರಿಂದ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ ಹೃದಯ ಗಟ್ಟಿಯಾಗಿ ಹಿಂಡುತ್ತದೆ. ನಡುಬಾಗಿಲನ್ನೂ ಅದು ನಿಧಾನ ಮಾಡುತ್ತದೆ. ಅಮ್ಮನಂಥವರಿಗೆ ಬೇಕಾದದ್ದು ಇದೇ. ಆದರೆ ಅಳತೆ ಮೀರಿದರೆ ಆ ಬಾಗಿಲು ಪೂರ್ತಿ ಮುಚ್ಚಿಕೊಳ್ಳಬಹುದು. ಆಗ ಬಾಗಿಲಿನ ಕೆಳಗಿರುವ ಒಂದು ತುರ್ತು ಜಾಗ ತಾನೇ ಕಿಡಿ ಹಾರಿಸಲು ಶುರು ಮಾಡುತ್ತದೆ. ನಿಧಾನವಾಗಿ, ಒಂದೇ ಸಮನಾಗಿ. ನಾನು ಕೈ ಹಿಡಿದು ಖುಷಿಪಟ್ಟ ಟಕ್ ಟಕ್ ಅದೇ. ಯಾವಾಗಲೂ ತಾಳ ತಪ್ಪಿರುವ ನಾಡಿ ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಇದ್ದಕ್ಕಿದ್ದಂತೆ ನಿಧಾನವಾಗಿ ಒಂದೇ ಸಮ ಆದರೆ ಅದೇ ದಿನ ಇಸಿಜಿ ಆಗಬೇಕು. ಇಷ್ಟು ಒಂದು ವಾಕ್ಯ ಯಾರಾದರೂ ಕನ್ನಡದಲ್ಲಿ ನನಗೆ ಹೇಳಿದ್ದರೆ ಸಾಕಿತ್ತು.

ಈ ಮದ್ದಿನಲ್ಲಿ ಗುಣಕ್ಕೂ ವಿಷಕ್ಕೂ ನಡುವೆ ಇರುವ ಅಂತರ ಬಹಳ ಕಡಿಮೆ. ಹೃದಯ ಸೋತವರಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ 0.5ರಿಂದ 0.9 ನ್ಯಾನೋಗ್ರಾಂ ಇದ್ದರೆ ಸರಿ ಎನ್ನುತ್ತಾರೆ. 2 ದಾಟಿದರೆ ವಿಷದ ಭಯ. ಅಮ್ಮನದ್ದು 3.4 ಇತ್ತು. ಮದ್ದು ಹೊರಗೆ ಹೋಗುವುದು ಹೆಚ್ಚಾಗಿ ಮೂತ್ರಪಿಂಡದ ಮೂಲಕ. ವಾಂತಿಯಿಂದ ಮೈಯಲ್ಲಿ ನೀರು ಕಡಿಮೆಯಾಗಿ ಅದೂ ಸೋತಿತ್ತು. ಕಾಲೂತಕ್ಕೆ ಕೊಟ್ಟಿದ್ದ ಮೂತ್ರದ ಮಾತ್ರೆ ಫ್ಯೂರೊಸೆಮೈಡ್ ಪೊಟ್ಯಾಸಿಯಂ ಇಳಿಸಿತ್ತು. ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ನಿನ ವಿಷ ಇನ್ನೂ ಜೋರಾಗುತ್ತದೆ. ಅದರ ಮೇಲೆ ನಾನು ತಂದುಕೊಟ್ಟ ವಾಂತಿ ಮಾತ್ರೆ. ಅದು ಡೊಂಪೆರಿಡೋನ್. ಪ್ರತಿ ಬಡಿತದ ನಂತರ ಹೃದಯ ಮತ್ತೆ ಚಾರ್ಜ್ ಆಗಲು ಸ್ವಲ್ಪ ಹೊತ್ತು ಬೇಕು. ಡೊಂಪೆರಿಡೋನ್ ಆ ಹೊತ್ತನ್ನು ಉದ್ದ ಮಾಡಬಲ್ಲದು. ಯುರೋಪಿನಲ್ಲಿ 2014ರಲ್ಲೇ ಇದೇ ಕಾರಣಕ್ಕೆ ಅದರ ಬಳಕೆಗೆ ಮಿತಿ ಹಾಕಿದರು. ನಿಧಾನ ನಾಡಿ, ಕಡಿಮೆ ಪೊಟ್ಯಾಸಿಯಂ, ಅದರ ಮೇಲೆ ಇಂಥ ಒಂದು ಮಾತ್ರೆ. ಈ ಮೂರೂ ಸೇರಿದರೆ ಹೃದಯ ಇದ್ದಕ್ಕಿದ್ದಂತೆ ಹುಚ್ಚು ವೇಗಕ್ಕೆ ಹೋಗಿ ನಿಂತುಬಿಡಬಹುದು. ಅಂಥ ಮಾತ್ರೆಯನ್ನು ಪ್ರೀತಿಯಿಂದ, ನೀರಿನ ಲೋಟದ ಜೊತೆ, ನಾನೇ ಕೈಗೆ ಕೊಟ್ಟಿದ್ದೆ.

ಇದು ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ. ಈ ಜಾತಿಯ ಮದ್ದಿನ ಮೂಲ ಒಂದು ಹೂವಿನ ಗಿಡ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಇದು ಜಾಸ್ತಿಯಾದರೆ ಏನಾಗುತ್ತದೆ ಎಂದು ಬರೆದಿಟ್ಟಿದ್ದ. ವಾಂತಿ, ತಲೆಸುತ್ತು, ಕಣ್ಣಿಗೆ ವಸ್ತುಗಳು ಹಳದಿ ಇಲ್ಲವೇ ಹಸಿರಾಗಿ ಕಾಣುವುದು, ನಾಡಿ 35ಕ್ಕೆ ಇಳಿಯುವುದು. ಅಮ್ಮನ ಆ ಹತ್ತೊಂಬತ್ತು ದಿನಗಳನ್ನು ಯಾರೋ ಮೊದಲೇ ಬರೆದಿಟ್ಟ ಹಾಗಿತ್ತು. ಸುಮಾರು 240 ವರ್ಷದಿಂದ ಗೊತ್ತಿರುವ ಸಂಗತಿ ಹನುಮಂತನಗರದ ಒಂದು ಮನೆಗೆ ಬಂದು ತಲುಪಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಓದಿದಾಗ ನನಗೆ ತಡೆಯಲಾರದಷ್ಟು ಸಂಕಟವಾಯಿತು.

ಅಮ್ಮನನ್ನು ಐಸಿಯುನಲ್ಲಿ ಐದು ದಿನ ಇಟ್ಟುಕೊಂಡರು. ಡಿಗಾಕ್ಸಿನ್ ನಿಲ್ಲಿಸಿದರು. ಪೊಟ್ಯಾಸಿಯಂ ಅನ್ನು ಬಹಳ ಹುಷಾರಾಗಿ, ಸ್ವಲ್ಪ ಸ್ವಲ್ಪವೇ ಕೊಟ್ಟರು. ಎರಡು ದಿನ ತಾತ್ಕಾಲಿಕ ಪೇಸ್‌ಮೇಕರ್ ಹಾಕಿದ್ದರು. ಇದಕ್ಕೆ ಪ್ರತಿವಿಷ ಇಲ್ವಾ ಎಂದು ನಾನು ಕೇಳಿದೆ. ಇದೆ, ಡಿಗಾಕ್ಸಿನ್ ಅನ್ನು ಹಿಡಿದು ಕಟ್ಟಿಹಾಕುವ ಇಂಜೆಕ್ಷನ್ ಇದೆ, ಅಮೆರಿಕದಲ್ಲಿ 1986ರಿಂದ ಬಳಸುತ್ತಿದ್ದಾರೆ, ನಮ್ಮಲ್ಲಿ ಬೇಕೆಂದಾಗ ಸಿಗುವುದು ಬಹಳ ಕಷ್ಟ ಎಂದರು. ಮೂತ್ರಪಿಂಡ ಚೆನ್ನಾಗಿದ್ದವರಲ್ಲೂ ಈ ಮದ್ದು ಅರ್ಧಕ್ಕೆ ಇಳಿಯಲು ಸುಮಾರು ಒಂದೂವರೆಯಿಂದ ಎರಡು ದಿನ ಬೇಕು. ಅಮ್ಮನಿಗೆ ಇನ್ನೂ ಜಾಸ್ತಿ ಹಿಡಿಯಿತು. ನಾವು ಕಾದೆವು. ಅಷ್ಟೇ ಮಾಡಲು ಸಾಧ್ಯವಿತ್ತು. ಅಮ್ಮ ಉಳಿದರು.

ಈಗ ನಾನು ನಿಮ್ಮನ್ನು ಕೇಳುವ ಮಾತಿಗೆ ಬರುತ್ತೇನೆ.

ಮದ್ದಿನ ಮೂಲ ಹೆಸರು ಕಂಪನಿ ಇಟ್ಟ ಹೆಸರಿಗಿಂತ ದೊಡ್ಡದಾಗಿ ಪಟ್ಟಿಯ ಮೇಲೆ ಇರಬೇಕು ಎಂಬ ನಿಯಮ 2018ರಿಂದ ಇದೆ. ಡಾಕ್ಟರು ಮೂಲ ಹೆಸರನ್ನು ಓದಲು ಬರುವ ಹಾಗೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು 2016ರಲ್ಲಿ ವೈದ್ಯಕೀಯ ಮಂಡಳಿಯೇ ಹೇಳಿದೆ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಬಂದಿದೆ. ಎಲ್ಲವೂ ಒಳ್ಳೆಯದೇ. ಆದರೆ ಮೂಲ ಹೆಸರು ಇಂಗ್ಲಿಷಿನಲ್ಲಿದೆ. ಅಮ್ಮ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ಪೇಪರನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುತ್ತಾರೆ. ಅವರ ಜೀವ ಉಳಿಸುವ ಎರಡು ಪಟ್ಟಿಗಳನ್ನು ಮಾತ್ರ ಓದಲು ಬರಲಿಲ್ಲ. ಬಣ್ಣ ನೋಡಿ, ಗಾತ್ರ ನೋಡಿ ಮಾತ್ರೆ ಗುರುತಿಸುವುದು ಅಮ್ಮ ಒಬ್ಬರೇ ಅಲ್ಲ. "ಬೆಳಿಗ್ಗೆ ಗುಲಾಬಿ, ರಾತ್ರಿ ಬಿಳಿ" ಎನ್ನುವ ಲೆಕ್ಕ ಈ ಊರಿನ ಎಷ್ಟು ಮನೆಗಳಲ್ಲಿ ನಡೆಯುತ್ತಿಲ್ಲ ಹೇಳಿ.

ಪಟ್ಟಿಯ ಮೇಲೆ ಏನಿರಬೇಕು ಎನ್ನುವುದು ಕೇಂದ್ರದ ಕಾನೂನು ಎಂದು ನೀವು ಹೇಳಬಹುದು. ಗೊತ್ತು. ಆದರೆ ಮಾತ್ರೆ ಹಾಕಿಕೊಡುವ ಕಂದು ಕವರು ಕೇಂದ್ರದ್ದಲ್ಲ. ಅದು ನಮ್ಮ ಬೀದಿಯ ಅಂಗಡಿಯದ್ದು. ಆ ಕವರಿನ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಇರಲಿ: ಮದ್ದಿನ ಮೂಲ ಹೆಸರು, ಯಾತಕ್ಕೆ, ವಾರದ ಯಾವ ದಿನ ಎಷ್ಟು, ಇದೇ ಮದ್ದು ಬೇರೆ ಹೆಸರಿನಲ್ಲಿ ಮನೆಯಲ್ಲಿದ್ದರೆ ತೆಗೆದುಕೊಳ್ಳಬೇಡಿ. ಕತ್ತರಿಸಿ ಕೊಡುವಾಗ ಹೆಸರಿರುವ ತುಂಡು ಗಿರಾಕಿಗೇ ಹೋಗಲಿ. ರೋಗಿಗೆ ಮದ್ದಿನ ವಿಷಯ ತಿಳಿಸಿ ಹೇಳುವುದು ಫಾರ್ಮಸಿಸ್ಟ್‌ಗಳ ಕೆಲಸ ಎಂದು 2015ರ ಫಾರ್ಮಸಿ ನಿಯಮಗಳಲ್ಲೇ ಇದೆ. ಅದನ್ನು ಕನ್ನಡದಲ್ಲಿ ಹೇಳಿ ಎನ್ನುವುದು ಅತಿಯಾದ ಬೇಡಿಕೆಯೇ?

ಡಿಸ್ಚಾರ್ಜ್ ಚೀಟಿಯ ವಿಷಯ ಇದಕ್ಕಿಂತ ಮುಖ್ಯ. ಒಂಬತ್ತು ಮಾತ್ರೆ ಶುರು ಮಾಡಿ ಎಂದು ಬರೆದವರು ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು ಎಂದು ಒಂದು ಸಾಲು ಬರೆಯಲಿಲ್ಲ. ಪ್ರತಿ ಆಸ್ಪತ್ರೆಯ ಚೀಟಿಯಲ್ಲೂ "ನಿಲ್ಲಿಸಬೇಕಾದ ಮಾತ್ರೆಗಳು" ಎಂಬ ಖಾನೆ ಕನ್ನಡದಲ್ಲಿ ಇರಲೇಬೇಕು ಎಂದು ನೀವು ಆದೇಶ ಮಾಡಿ. ಸರ್ಕಾರಿ ಆಸ್ಪತ್ರೆಗಳಿಂದಲೇ ಶುರುವಾಗಲಿ. ಖಾನೆ ಖಾಲಿ ಇದ್ದರೆ ನರ್ಸ್ ಕೇಳುತ್ತಾರೆ, ಡಾಕ್ಟರು ಒಂದು ನಿಮಿಷ ಯೋಚಿಸುತ್ತಾರೆ. ನಮಗೆ ಬೇಕಾಗಿದ್ದದ್ದು ಆ ಒಂದು ನಿಮಿಷ. ಗೃಹ ಆರೋಗ್ಯ ಯೋಜನೆಯಲ್ಲಿ ನಿಮ್ಮವರು ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಬಂದಾಗ ಮಾತ್ರೆ ಡಬ್ಬವನ್ನೂ ತೆಗೆಸಿ ನೋಡಲಿ.

ಇನ್ನು ಇಸಿಜಿ. ಇದರ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಾತ್ರೆ ಹೆಚ್ಚಾಗಿದೆ ಎಂಬ ಅನುಮಾನ ಇರುವ ಯಾರೇ ಬಂದರೂ ಮೊದಲು ಇಸಿಜಿ ಆಗಬೇಕು. ಖಿನ್ನತೆಗೆ, ನರದ ನೋವಿಗೆ ಕೊಡುವ ಕೆಲವು ಹಳೇ ಮಾತ್ರೆಗಳು ಹೆಚ್ಚಾದರೆ ಹೃದಯದ ಸೋಡಿಯಂ ದಾರಿ ಕಟ್ಟಿಕೊಳ್ಳುತ್ತದೆ. ಆಗ ಇಸಿಜಿಯ ಗೆರೆಯಲ್ಲಿ ಒಂದು ಅಲೆ ಅಗಲವಾಗುತ್ತದೆ. ಅದನ್ನು ಕಂಡ ತಕ್ಷಣ ಕೊಡಬೇಕಾದದ್ದು ಸೋಡಿಯಂ ಬೈಕಾರ್ಬನೇಟ್ ಇಂಜೆಕ್ಷನ್. ದುಬಾರಿಯಲ್ಲ, ಎಲ್ಲ ಕಡೆ ಸಿಗುತ್ತದೆ. ಗೆರೆ ನೋಡದಿದ್ದರೆ ಕೊಡಬೇಕು ಎಂದೇ ಗೊತ್ತಾಗುವುದಿಲ್ಲ. ಬಿಪಿಗೆ, ಎದೆನೋವಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ನಿಧಾನವಾಗಿ ಕರಗುವ ಹಾಗೆ ಮಾಡಿದವು. ಅವು ಹೆಚ್ಚಾದವರು ಮೊದಲ ಕೆಲವು ಗಂಟೆ ಆರಾಮಾಗಿ ಮಾತಾಡುತ್ತ ಕೂತಿರಬಹುದು. ಏನೂ ಆಗಿಲ್ಲ ಎಂದು ಮನೆಗೆ ಕಳಿಸಿದರೆ ರಾತ್ರಿ ನಾಡಿ ಇಳಿಯುತ್ತದೆ. ಥೈರಾಯ್ಡ್ ಮಾತ್ರೆ ಜಾಸ್ತಿಯಾದರೆ ಇದಕ್ಕೆ ತದ್ವಿರುದ್ಧ, ಎದೆ ಡವಡವ ಎಂದು ಓಡುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಹಾಗೆಯೇ. ಅದನ್ನು ತೆಗೆದುಕೊಳ್ಳುವವರಿಗೆ ಸೋಂಕಿನ ಮಾತ್ರೆ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟರೆ ಒಂದು ಮಾತ್ರೆಯೂ ಹೆಚ್ಚು ನುಂಗದೆ ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ಏರುತ್ತದೆ.

ನಿಮ್ಮದೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ಅದನ್ನು ನೋಡಿ, ಹೃದಯಾಘಾತವಾಗಿದ್ದರೆ ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿಸುತ್ತಾರೆ. ಎಷ್ಟು ಒಳ್ಳೆಯ ಕೆಲಸ ಅದು! ಅದೇ ಯಂತ್ರ, ಅದೇ ಜಾಲ, ಅದೇ ತಜ್ಞರ ಕಣ್ಣು. ಮಾತ್ರೆ ಹೆಚ್ಚಾಗಿ ಬಂದವರ ಇಸಿಜಿಯನ್ನೂ ಅದೇ ದಾರಿಯಲ್ಲಿ ಕಳಿಸಿ. ಬೆಂಗಳೂರಿನಲ್ಲಿ "ನಮ್ಮ ಕ್ಲಿನಿಕ್" ಎಂಬ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳನ್ನೂ ಇದಕ್ಕೆ ಸೇರಿಸಿ. ಡಿಗಾಕ್ಸಿನ್ ಪ್ರತಿವಿಷವನ್ನು ಊರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ತಂದಿಡಿ. ಯಾರಿಗೆ ಬೇಕೋ ಅವರಿಗೆ ಅಲ್ಲಿಂದ ಹೋಗಲಿ. ದುಬಾರಿ ಎಂದು ಗೊತ್ತು. ವರ್ಷಕ್ಕೆ ಬೇಕಾಗುವುದು ಕೆಲವರಿಗೆ ಮಾತ್ರ ಎಂದೂ ಗೊತ್ತು. ಐಸಿಯು ಬಾಗಿಲಲ್ಲಿ ಕೂತವರಿಗೆ ಆ ಕೆಲವರಲ್ಲಿ ಒಬ್ಬರು ತಮ್ಮವರೇ ಆಗಿರುತ್ತಾರೆ.

ಇಲ್ಲಿ ಒಂದು ಮಾತು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ನಾನು ಮಕ್ಕಳ ನಡುವೆ ಇರುವವಳು. ಕೆಲವರು ಮನಸ್ಸು ನೊಂದು ತಾವಾಗಿಯೇ ಹೆಚ್ಚು ಮಾತ್ರೆ ನುಂಗುತ್ತಾರೆ. ಆಗ ಮನೆಯವರು ಪೊಲೀಸ್ ಕೇಸ್ ಆಗುತ್ತದೆ, ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದು ಹೆದರಿ ಬಾಗಿಲು ಹಾಕಿಕೊಂಡು ಕೂರುತ್ತಾರೆ. ವಾಂತಿ ಆಯಿತು, ಸರಿಹೋಯಿತು ಎಂದುಕೊಳ್ಳುತ್ತಾರೆ. ಹೃದಯ ಕೈಕೊಡುವುದು ಆ ಗಂಟೆಗಳಲ್ಲೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡಬೇಕು, ಶಿಕ್ಷಿಸಬಾರದು ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಆ ಹಳೇ 309ನೇ ಕಲಂ ಇಲ್ಲ. ಸರ್ಕಾರಿಯೋ ಖಾಸಗಿಯೋ, ತುರ್ತು ಚಿಕಿತ್ಸೆ ಕೊಡುವುದು ಪ್ರತಿ ಡಾಕ್ಟರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇದನ್ನು ಪ್ರತಿ ತುರ್ತು ಚಿಕಿತ್ಸಾ ವಿಭಾಗದ ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಿ. ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ, ಸಂಖ್ಯೆ 14416. ನಮ್ಮ ಊರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ. ಇದನ್ನು ಓದುತ್ತಿರುವ ಯಾರ ಮನಸ್ಸಾದರೂ ಭಾರವಾಗಿದ್ದರೆ ದಯವಿಟ್ಟು ಈಗಲೇ ಫೋನ್ ಮಾಡಿ. ಹತ್ತಿರದ ಒಬ್ಬರಿಗಾದರೂ ಹೇಳಿಕೊಳ್ಳಿ. ಮನೆಯಲ್ಲಿ ಅಂಥವರಿದ್ದರೆ ಮಾತ್ರೆ ಡಬ್ಬ ಬೀಗದಲ್ಲಿ ಇರಲಿ.

ಓದುವ ಮನೆಯವರಿಗೂ ಒಂದೆರಡು ಮಾತು. ಮಾತ್ರೆ ಹೆಚ್ಚಾಯಿತು ಎಂದು ಗೊತ್ತಾದರೆ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದರಿಂದ ಹೊಸ ಅಪಾಯ. ಏನಾಗುತ್ತೋ ನೋಡೋಣ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಖಾಲಿ ಪಟ್ಟಿ, ಕವರು, ಚೀಟಿ ಎಲ್ಲ ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಅದರ ಉಚಿತ ಸಂಖ್ಯೆ 1800 116 117. ಡಾಕ್ಟರುಗಳೂ ಅಲ್ಲಿ ಕೇಳಬಹುದು. ಅಜ್ಜ ಅಜ್ಜಿಯ ಬಿಪಿ ಮಾತ್ರೆ ಟಿವಿ ಸ್ಟ್ಯಾಂಡಿನ ಮೇಲೆ ಇಡಬೇಡಿ. ಪುಟ್ಟ ಮಗುವಿಗೆ ಅವುಗಳಲ್ಲಿ ಕೆಲವು ಒಂದೆರಡೇ ಸಾಕು ಅಪಾಯಕ್ಕೆ. ಮಗು ಆಡಿಕೊಂಡಿದ್ದರೂ ಸರಿ, ಆಸ್ಪತ್ರೆಗೆ ಹೋಗಿ. ಹಾಗೆಯೇ, ನನ್ನ ಪತ್ರ ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಅನುಮಾನ ಇದ್ದರೆ ಅದನ್ನು ಬರೆದ ಡಾಕ್ಟರನ್ನೇ ಕೇಳಿ. ಅಮ್ಮನನ್ನು ಹದಿನೈದು ವರ್ಷ ಓಡಾಡಿಸಿದ್ದೂ ಇದೇ ಡಿಗಾಕ್ಸಿನ್.

ಮಾನ್ಯರೇ, ಅಮ್ಮ ಈಗ ಮನೆಯಲ್ಲಿದ್ದಾರೆ. ನಾಡಿ ಮತ್ತೆ ಮೊದಲಿನ ಹಾಗೆ ತಾಳ ತಪ್ಪಿ ಹೊಡೆಯುತ್ತಿದೆ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಒಂದು ನಿಮಿಷ ಕೈ ಹಿಡಿದು ಎಣಿಸುತ್ತೇನೆ. ಡಬ್ಬದಲ್ಲಿ ಏಳು ಖಾನೆ ಮಾಡಿ, ಒಂದೊಂದು ಮಾತ್ರೆಯ ಪಟ್ಟಿಯ ಮೇಲೂ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದ್ದೇನೆ. ಒಂಬತ್ತು ಚೀಟಿ, ಒಂದು ಸಂಜೆಯ ಕೆಲಸ. ಅಮ್ಮ ಈಗ ತಾವೇ ಓದಿಕೊಂಡು ತೆಗೆದುಕೊಳ್ಳುತ್ತಾರೆ. ಕವರು ಹೇಗಿರಬೇಕು, ಚೀಟಿ ಹೇಗಿರಬೇಕು ಎಂದು ನೀವು ಕೂತು ಯೋಚಿಸುವುದಾದರೆ ಆ ಡಬ್ಬವನ್ನು ಆರೋಗ್ಯ ಸೌಧಕ್ಕೆ ತಂದು ತೋರಿಸುತ್ತೇನೆ. ಆ ಎರಡು ಪಟ್ಟಿಗಳನ್ನೂ ಇಟ್ಟುಕೊಂಡಿದ್ದೇನೆ. ಶನಿವಾರ ನಮ್ಮ ಸ್ಕೂಲು ಬೇಗ ಬಿಡುತ್ತದೆ. ಮಧ್ಯಾಹ್ನ ಎಷ್ಟು ಹೊತ್ತಿಗೆ ಎಂದರೂ ಬರುತ್ತೇನೆ.

ಇಂತಿ,
ಹನುಮಂತನಗರದ ಒಬ್ಬ ಗಣಿತ ಟೀಚರ್
ಬೆಂಗಳೂರು